ಯಾವಾಗ ನೋಡಿದರೂ ಭಾನುವಾರ: ಲಿನಕ್ಸ್, ಕಂಪೈಲರ್ ಕುರಿತು ಓದುಗರ ಪ್ರಶ್ನೆಗಳು

ಈ ಸಲದ ಪತ್ರಗಳಲ್ಲಿ ಅರ್ಧದಷ್ಟು ಒಂದೇ ಸಾಲಿನಲ್ಲಿ ಮುಗಿಯುತ್ತವೆ: ‘ಕಲೆಕ್ಟ್2 ಎರರ್, ಎಲ್‌ಡಿ ರಿಟರ್ನ್ಡ್ 1 ಎಕ್ಸಿಟ್ ಸ್ಟೇಟಸ್ ಎಂದು ಬರುತ್ತಿದೆ ಮೇಡಂ, ಏನು ಮಾಡಲಿ?’ ಅದು ದೋಷದ ಹೆಸರಲ್ಲ. ಪ್ರೋಗ್ರಾಮಿನ ತುಂಡುಗಳನ್ನು ಜೋಡಿಸುವ ಲಿಂಕರ್ ಕೈಚೆಲ್ಲಿ ಕುಳಿತಿತು ಎಂಬ ಸುದ್ದಿ, ಅಷ್ಟೆ. ಯಾಕೆ ಕೈಚೆಲ್ಲಿತು ಎನ್ನುವುದು ಅದಕ್ಕಿಂತ ಮೇಲಿನ ಸಾಲುಗಳಲ್ಲಿರುತ್ತದೆ. ಮೂವತ್ತೊಂದು ವರ್ಷ ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ನಿಂತು ‘ಮೊದಲ ಸಾಲು ಓದಿ’ ಎಂದು ಗಂಟಲು ಹರಿದುಕೊಂಡವಳು ನಾನು. ನಿವೃತ್ತಳಾಗಿ ಕುವೆಂಪುನಗರದ ಮನೆಯಲ್ಲಿ ಕುಳಿತ ಮೇಲೂ ಅದೇ ಪಾಠ. ದಯವಿಟ್ಟು ಪತ್ರದಲ್ಲಿ ದೋಷಸಂದೇಶದ ಮೊದಲ ಐದು ಸಾಲುಗಳನ್ನು ಬರೆದು ಕಳುಹಿಸಿ. ಆಜ್ಞೆಗಳನ್ನು ಎಂದಿನಂತೆ ಕನ್ನಡ ಲಿಪಿಯಲ್ಲೇ ಅಚ್ಚು ಹಾಕಿದೆ. ನೀವು ಟೈಪ್ ಮಾಡಬೇಕಾದದ್ದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ.

ಪ್ರಶ್ನೆ: ಅಣ್ಣ ಬೆಂಗಳೂರಿನಿಂದ ತಂದುಕೊಟ್ಟ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪಿನಲ್ಲಿ ಉಬುಂಟು ಹಾಕಿಕೊಂಡಿದ್ದೇನೆ. ಕಾಲೇಜಿನಲ್ಲಿ ಮಾಡಿದ ಪ್ರಾಜೆಕ್ಟನ್ನು ಪೆನ್‌ಡ್ರೈವಿನಲ್ಲಿ ತಂದು ಮನೆಯಲ್ಲಿ ಮುಂದುವರಿಸುತ್ತೇನೆ. ಪ್ರೋಗ್ರಾಂ ತಿದ್ದಿ, ಮತ್ತೆ ಕಂಪೈಲ್ ಮಾಡಿಸಲು ಮೇಕ್ ಎಂದು ಕೊಟ್ಟರೆ ‘ಅಪ್ ಟು ಡೇಟ್’ ಎನ್ನುತ್ತದೆ. ಓಡಿಸಿದರೆ ಹಳೆಯ ಉತ್ತರವೇ ಬರುತ್ತದೆ. ಕೆಲವೊಮ್ಮೆ ‘ಕ್ಲಾಕ್ ಸ್ಕ್ಯೂ ಡಿಟೆಕ್ಟೆಡ್’ ಎಂಬ ಎಚ್ಚರಿಕೆ. ಕಂಪೈಲರನ್ನು, ಅಂದರೆ ಜಿಸಿಸಿಯನ್ನು, ತೆಗೆದು ಮತ್ತೆ ಹಾಕಿದೆ. ಉಬುಂಟುವನ್ನೇ ಎರಡು ಸಲ ಹೊಸದಾಗಿ ಹಾಕಿದೆ. ಹಾಕಿದ ದಿನ ಸರಿಯಿರುತ್ತದೆ, ಎರಡು ಮೂರು ದಿನಕ್ಕೆ ಮತ್ತೆ ಅದೇ ರಾಗ. ಕಂಪೈಲರೇ ಹಾಳಾಗಿದೆಯೇ ಮೇಡಂ?
ಬಿ.ಸಿ.ಎ. ವಿದ್ಯಾರ್ಥಿನಿ, ಮದ್ದೂರು

ಉತ್ತರ: ಕಂಪೈಲರ್ ಪಾಪದ್ದು, ಅದನ್ನು ಬಿಡಿ. ನೀವು ಪತ್ರದ ಜೊತೆ ಕಳುಹಿಸಿದ ಪರದೆಯ ಫೋಟೊವನ್ನು ನಾನು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದೆ. ಪತ್ರದ ಮೇಲೆ ಗುರುವಾರದ ತಾರೀಖಿದೆ, ಫೋಟೊವನ್ನೂ ಅದೇ ದಿನ ತೆಗೆದದ್ದು ಎಂದು ಬರೆದಿದ್ದೀರಿ. ಆದರೆ ಪರದೆಯ ಮೇಲಂಚಿನ ಗಡಿಯಾರದಲ್ಲಿ ಭಾನುವಾರ. ಅನುಮಾನ ಬಂದು ನಿಮಗೆ ಫೋನು ಮಾಡಿದೆ, ನೆನಪಿರಬಹುದು.

‘ಮನೆಯಲ್ಲಿ ನೆಟ್ ಇದೆಯೇ?’

‘ಇಲ್ಲ ಮೇಡಂ. ಅಣ್ಣ ಬಂದಾಗ ಅವನ ಮೊಬೈಲಿನಿಂದ ಹಾಕಿಕೊಳ್ಳುತ್ತೇನೆ.’

‘ಕೊನೆಯ ಸಲ ಬಂದದ್ದು ಯಾವಾಗ?’

‘ಭಾನುವಾರ.’

ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ಕಂಪ್ಯೂಟರ್ ಆರಿಸಿದ ಮೇಲೂ ಒಳಗಿನ ಗಡಿಯಾರ ನಡೆಯುತ್ತಿರುವುದು ಮದರ್‌ಬೋರ್ಡಿನ ಮೇಲಿರುವ ಒಂದು ಬಿಲ್ಲೆ ಬ್ಯಾಟರಿಯ ದಯೆಯಿಂದ. ಅದು ಸತ್ತರೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಈಗಿನ ಲಿನಕ್ಸ್ ಅದನ್ನು ಪೂರ್ತಿ ನಂಬುವುದಿಲ್ಲ. ಇಂಟರ್ನೆಟ್ಟಿನಿಂದ ಸಮಯ ಸರಿಪಡಿಸಿಕೊಂಡಾಗಲೆಲ್ಲ ಆ ಹೊತ್ತನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಮುಂದಿನ ಸಲ ಏಳುವಾಗ ಗಡಿಯಾರ ಅದಕ್ಕಿಂತ ಹಿಂದಿದ್ದರೆ, ಬರೆದಿಟ್ಟ ಹೊತ್ತಿನಿಂದಲೇ ಎಣಿಕೆ ಶುರು ಮಾಡುತ್ತದೆ. ಹಾಗಾಗಿ ನಿಮ್ಮ ಮನೆಯಲ್ಲಿ ಸೋಮವಾರ ಹಾಕಿದರೂ ಭಾನುವಾರ, ಗುರುವಾರ ಹಾಕಿದರೂ ಭಾನುವಾರ. ಉಬುಂಟು ಹೊಸದಾಗಿ ಹಾಕಿದ ದಿನ ಎಲ್ಲ ಸರಿಯಿದ್ದದ್ದು ಉಬುಂಟುವಿನ ಮಹಿಮೆಯಲ್ಲ. ಆ ದಿನ ಅಣ್ಣನ ಮೊಬೈಲು ಪಕ್ಕದಲ್ಲಿತ್ತು.

ಇದಕ್ಕೂ ಮೇಕ್‌ಗೂ ಏನು ನಂಟು? ಮೇಕ್ ನಿಮ್ಮ ಪ್ರೋಗ್ರಾಂ ಓದುವುದಿಲ್ಲ. ಎರಡು ಕಡತಗಳ ತಾರೀಖು ನೋಡುತ್ತದೆ, ಅಷ್ಟೆ. ಮೂಲ ಕಡತ (ಕೊನೆಯಲ್ಲಿ .ಸಿ) ಆಬ್ಜೆಕ್ಟ್ ಕಡತಕ್ಕಿಂತ (ಕಂಪೈಲ್ ಆದ ಮೇಲೆ ಸಿಗುವುದು, ಕೊನೆಯಲ್ಲಿ .ಒ) ಹೊಸದಾಗಿದ್ದರೆ ಮಾತ್ರ ಮತ್ತೆ ಕಂಪೈಲ್ ಮಾಡಿಸುತ್ತದೆ. ನೀವು ಗುರುವಾರ ಕಾಲೇಜಿನಲ್ಲಿ ಕಂಪೈಲ್ ಮಾಡಿ, ಮೂಲ ಕಡತ, ಆಬ್ಜೆಕ್ಟ್ ಕಡತ, ಸಿದ್ಧ ಪ್ರೋಗ್ರಾಂ ಎಲ್ಲವನ್ನೂ ಒಂದೇ ಫೋಲ್ಡರಾಗಿ ಪೆನ್‌ಡ್ರೈವಿಗೆ ತುಂಬಿ ತಂದಿರಿ. ಎಲ್ಲದರ ಮೇಲೂ ಗುರುವಾರದ ಮುದ್ರೆ. ಮನೆಯಲ್ಲಿ ತಿದ್ದಿದಿರಿ. ತಿದ್ದಿದ ಕಡತಕ್ಕೆ ಬಿದ್ದದ್ದು ಭಾನುವಾರದ ಮುದ್ರೆ. ಮೇಕ್ ನೋಡಿತು: ಮೂಲ ಭಾನುವಾರದ್ದು, ಆಬ್ಜೆಕ್ಟ್ ಗುರುವಾರದ್ದು. ‘ಇನ್ನೇನು ಕೆಲಸವಿದೆ?’ ಎಂದು ಮಲಗಿತು. ‘ಕ್ಲಾಕ್ ಸ್ಕ್ಯೂ’ ಎಂಬ ಎಚ್ಚರಿಕೆಯೂ ಇದನ್ನೇ ಹೇಳುತ್ತಿತ್ತು: ಈ ಕಡತದ ತಾರೀಖು ಇನ್ನೂ ಬಾರದ ದಿನದ್ದು, ನನಗೆ ಗೊಂದಲವಾಗಿದೆ, ಕೆಲಸ ಅರ್ಧಂಬರ್ಧ ಆಗಿರಬಹುದು ಎಂದು. ಅದೂ ಮೊದಲ ಸಾಲುಗಳಲ್ಲೇ ಇತ್ತು ತಾಯಿ.

ತಮಾಷೆಯೆಂದರೆ ಮೇಕ್ ಹುಟ್ಟಿದ್ದೇ ಇಂಥದ್ದೊಂದು ಪೇಚಾಟದಿಂದ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅದನ್ನು ಬರೆದರು. ಅವರ ಸಹೋದ್ಯೋಗಿಯೊಬ್ಬರು ತಪ್ಪನ್ನು ತಿದ್ದಿಯಾಗಿದ್ದರೂ ಆ ಕಡತವನ್ನು ಮತ್ತೆ ಕಂಪೈಲ್ ಮಾಡದೆ, ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ಬೆಳಗ್ಗೆಯಿಡೀ ತಪ್ಪು ಹುಡುಕಿ ಸುಸ್ತಾಗಿ ಬಂದು ಕೂಗಾಡಿದ್ದರಂತೆ. ಐವತ್ತು ವರ್ಷದ ಮೇಲೆ ಮದ್ದೂರಿನಲ್ಲಿ ಅದೇ ಕಥೆ, ಬಿಲ್ಲೆ ಬ್ಯಾಟರಿಯ ದೆಸೆಯಿಂದ.

ಖಚಿತಪಡಿಸಿಕೊಳ್ಳಲು ಟರ್ಮಿನಲ್ಲಿನಲ್ಲಿ ‘ಟೈಮ್‌ಡೇಟ್‌ಸಿಟಿಎಲ್’ ಎಂದು ಕೊಡಿ. ಅದರಲ್ಲಿ ‘ಆರ್‌ಟಿಸಿ ಟೈಮ್’ ಎಂಬ ಸಾಲು ಬರುತ್ತದೆ. ಮಂಡ್ಯ ಜಿಲ್ಲೆಯವರಿಗೆ ಆರ್‌ಟಿಸಿ ಎಂದ ಕೂಡಲೇ ಪಹಣಿ ನೆನಪಾಗುತ್ತದೆ. ಇದು ಪಹಣಿಯಲ್ಲ, ಮದರ್‌ಬೋರ್ಡಿನ ಗಡಿಯಾರ. ಬೆಳಗ್ಗೆ ಹಾಕಿದ ಕೂಡಲೇ, ಉಬುಂಟು ಏಳುವ ಮುಂಚಿನ ಸೆಟ್ಟಿಂಗ್ ಪರದೆಯಾದ ಬಯಾಸ್‌ನೊಳಗೆ ಹೋಗಿ ನೋಡಿದರೂ ಆಯಿತು. ಅಲ್ಲಿ ಹಳೆಯ ವರ್ಷ ಕಂಡರೆ ಬ್ಯಾಟರಿಯ ಕಥೆ ಮುಗಿದಿದೆ.

ಬ್ಯಾಟರಿ ಬದಲಿಸಲು ಯಾರನ್ನೂ ಕರೆಸಬೇಡಿ. ಪ್ಲಗ್ ಕಿತ್ತು (ಸ್ವಿಚ್ ಆರಿಸಿದರೆ ಸಾಲದು), ಪಕ್ಕದ ಮುಚ್ಚಳ ತೆಗೆಯಿರಿ. ಒಳಗೆ ಹೊಳೆಯುವ ಬಿಲ್ಲೆ ಒಂದೇ ಇರುತ್ತದೆ, ಹುಡುಕಬೇಕಾಗಿಲ್ಲ. ಕೈ ಹಾಕುವ ಮುಂಚೆ ಪೆಟ್ಟಿಗೆಯ ಬಣ್ಣವಿಲ್ಲದ ಕಬ್ಬಿಣದ ಭಾಗ ಮುಟ್ಟಿ, ಮೈಯಲ್ಲಿನ ವಿದ್ಯುತ್ತು ಇಳಿಯಲಿ. ಬಿಲ್ಲೆಯ ಅಂಚಿನಲ್ಲಿ ಸಣ್ಣ ತಗಡಿನ ನಾಲಿಗೆಯೊಂದು ಅದನ್ನು ಹಿಡಿದುಕೊಂಡಿರುತ್ತದೆ. ಅದನ್ನು ಉಗುರಿನಿಂದ ಹೊರಕ್ಕೆ ಸರಿಸಿದರೆ ಬಿಲ್ಲೆ ಟಣ್ಣನೆ ಮೇಲೇಳುತ್ತದೆ. ಸ್ಕ್ರೂಡ್ರೈವರ್ ಬೇಡವೇ ಬೇಡ. ನನ್ನ ಲ್ಯಾಬಿನಲ್ಲಿ ಒಬ್ಬ ಅದು ಜಾರಿ ಬೋರ್ಡಿನ ಮೇಲೆ ಗೀರು ಎಳೆದಿದ್ದ, ಆ ಬೋರ್ಡು ಮತ್ತೆ ಏಳಲಿಲ್ಲ. ಬಿಲ್ಲೆಯ ಮೇಲೆ ಸಿಆರ್2032 ಎಂದು ಕೊರೆದಿರುತ್ತದೆ: 20 ಎಂದರೆ ಅಗಲ 20 ಮಿಲಿಮೀಟರ್, 32 ಎಂದರೆ ದಪ್ಪ 3.2 ಮಿಲಿಮೀಟರ್, 3 ವೋಲ್ಟಿನದು. ವಾಚು ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಕೂಡಿಸುವ ಚಿಹ್ನೆ ಮೇಲೆ ಬರುವಂತೆ ಕೂರಿಸಿ, ಬಯಾಸ್‌ನಲ್ಲಿ ಇವತ್ತಿನ ತಾರೀಖು ಕೊಡಿ. ನಮ್ಮ ಮನೆಯ ಮೆಟ್ಟಿಲ ಕೆಳಗಿನ ಹಳೆಯ ಯಂತ್ರದಿಂದ ನಾನೂ ಬಿಲ್ಲೆ ಕಿತ್ತು, ನೆಟ್ ತೆಗೆದು, ಮೂರು ದಿನ ಪರೀಕ್ಷೆ ಮಾಡಿದೆ. ಮೂರು ದಿನವೂ ಮಂಗಳವಾರವೇ ಆಗಿತ್ತು.

ಬ್ಯಾಟರಿ ಬರುವವರೆಗೆ ‘ಮೇಕ್ -ಬಿ’ (ಈ ಬಿ ಮಾತ್ರ ದೊಡ್ಡಕ್ಷರ) ಕೊಟ್ಟರೆ ತಾರೀಖು ನೋಡದೆ ಎಲ್ಲವನ್ನೂ ಮತ್ತೆ ಕಂಪೈಲ್ ಮಾಡುತ್ತದೆ. ಇನ್ನು ಮುಂದೆ ಪೆನ್‌ಡ್ರೈವಿನಲ್ಲಿ ಆಬ್ಜೆಕ್ಟ್ ಕಡತಗಳನ್ನು ಹೊರಬೇಡಿ. ಅಕ್ಕಿ ಹಿಟ್ಟು ಒಯ್ದರೆ ಸಾಕು, ಅಲ್ಲಿ ಬೇಯಿಸಿದ ಇಡ್ಲಿಯನ್ನು ಇಲ್ಲಿಗೆ ತರುವುದೇಕೆ? ಮತ್ತೆ ಮೂರನೆಯ ಸಲ ಉಬುಂಟು ಹಾಕಬೇಡಿ.

ಪ್ರಶ್ನೆ: ಕಂಪೈಲರ್ ಸಾಮಾನುಗಳ ಕಟ್ಟಾದ ‘ಬಿಲ್ಡ್-ಎಸೆನ್ಷಿಯಲ್’ ಇನ್‌ಸ್ಟಾಲ್ ಆಗುತ್ತಿರುವಾಗ ಕರೆಂಟು ಹೋಯಿತು. ಮತ್ತೆ ಬಂದ ಮೇಲೆ ಏನು ಕೊಟ್ಟರೂ ‘ಡಿಪಿಕೆಜಿ ವಾಸ್ ಇಂಟರಪ್ಟೆಡ್’ ಎನ್ನುತ್ತದೆ. ಜಿಸಿಸಿ ಇದೆ, ಆದರೆ ‘ಎಸ್‌ಟಿಡಿಐಒ.ಎಚ್’ ಇಲ್ಲ ಎನ್ನುತ್ತದೆ. ಒಮ್ಮೆ ‘ಕುಡ್ ನಾಟ್ ಗೆಟ್ ಲಾಕ್’ ಎಂದೂ ಬಂತು. ಸ್ನೇಹಿತ ಹೇಳಿದನೆಂದು ಲಾಕ್ ಕಡತವನ್ನು ಅಳಿಸಿದೆ.
ಡಿಪ್ಲೊಮಾ ವಿದ್ಯಾರ್ಥಿ, ಪಾಂಡವಪುರ ತಾಲ್ಲೂಕು

ಉತ್ತರ: ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರುವ, ಹೋಗುವ ಹೊತ್ತು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ದೊಡ್ಡ ಇನ್‌ಸ್ಟಾಲ್‌ಗೆ ಆ ಹೊತ್ತು ಬಿಟ್ಟು ಬೇರೆ ಹೊತ್ತು ಇಟ್ಟುಕೊಳ್ಳಿ.

ನಿಮಗೆ ಬಂದ ಸಂದೇಶವನ್ನು ಪೂರ್ತಿ ಓದಿದ್ದರೆ ಈ ಪತ್ರವೇ ಬೇಕಿರಲಿಲ್ಲ. ‘ಇಂಟರಪ್ಟೆಡ್’ ಆದ ಮೇಲೆ ಅದೇ ಸಾಲಿನಲ್ಲಿ ಮದ್ದನ್ನೂ ಬರೆದಿದೆ: ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’. ಅದನ್ನು ಕೊಡಿ. ಆಮೇಲೆ ‘ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’. ಕೊನೆಗೆ ‘ಸುಡೊ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಷಿಯಲ್’ ಇನ್ನೊಮ್ಮೆ.

ಉಬುಂಟು, ಡೆಬಿಯನ್‌ಗಳಲ್ಲಿ ಡಿಪಿಕೆಜಿ ಒಂದು ಪ್ಯಾಕೇಜನ್ನು ಎರಡು ಹೆಜ್ಜೆಯಲ್ಲಿ ಕೂರಿಸುತ್ತದೆ. ಮೊದಲು ಮೂಟೆ ಬಿಚ್ಚಿ ಸಾಮಾನು ಇಳಿಸುವುದು, ಆಮೇಲೆ ಜೋಡಿಸುವುದು. ‘ಡಿಪಿಕೆಜಿ -ಎಲ್’ ಕೊಟ್ಟು ಸಾಲುಗಳ ಮೊದಲ ಎರಡು ಅಕ್ಷರ ನೋಡಿ: ‘ಐಐ’ ಎಂದರೆ ಸರಿಯಾಗಿ ಕೂತಿದೆ. ಎರಡನೆಯ ಅಕ್ಷರ ದೊಡ್ಡ ‘ಯು’ ಆಗಿದ್ದರೆ ಮೂಟೆ ಬಿಚ್ಚಿದೆ, ಜೋಡಿಸಿಲ್ಲ. ದೊಡ್ಡ ‘ಎಚ್’ ಆಗಿದ್ದರೆ ಮೂಟೆ ಬಿಚ್ಚುವಾಗಲೇ ದೀಪ ಆರಿದೆ. ನಿಮ್ಮಲ್ಲಿ ಜಿಸಿಸಿ ಇಳಿದಿದೆ, ‘ಎಸ್‌ಟಿಡಿಐಒ.ಎಚ್’ ಇರುವ ‘ಎಲ್‌ಐಬಿಸಿ6-ಡೆವ್’ ಇಳಿದಿಲ್ಲ. ಒಲೆಯಿದೆ, ಪಾತ್ರೆಯಿಲ್ಲ.

ಲಾಕ್ ಕಡತ ಅಳಿಸಲು ಹೇಳಿದ ಸ್ನೇಹಿತನಿಗೆ ನನ್ನ ಹೆಸರಲ್ಲಿ ಬೈಯಿರಿ. ಬೀಗ ಇರುವುದು ಆ ಕಡತದಲ್ಲಲ್ಲ; ಆ ಕಡತವನ್ನು ಹಿಡಿದಿರುವ ಪ್ರೋಗ್ರಾಮಿನ ಕೈಯಲ್ಲಿ. ಕರೆಂಟು ಹೋದಾಗ ಆ ಹಿಡಿತ ತಾನಾಗಿಯೇ ಬಿಟ್ಟುಹೋಗುತ್ತದೆ. ಕಂಪ್ಯೂಟರ್ ಎದ್ದ ಮೇಲೂ ‘ಲಾಕ್’ ಎಂದರೆ ಹಿನ್ನೆಲೆಯಲ್ಲಿ ತಾನಾಗಿ ನಡೆಯುವ ಅಪ್‌ಡೇಟು ಕೆಲಸ ಮಾಡುತ್ತಿದೆ ಎಂದೇ ಹೆಚ್ಚಿನ ಸಲ ಅರ್ಥ, ಮತ್ತು ಹಿಡಿದಿರುವವರ ಹೆಸರನ್ನೂ ಅಲ್ಲೇ ಬರೆದಿರುತ್ತದೆ. ಹತ್ತು ನಿಮಿಷ ಕಾಯಿರಿ. ಆ ಹೊತ್ತಿಗೆ ಕಡತ ಅಳಿಸಿದರೆ ಇಬ್ಬರು ಒಂದೇ ಲೆಕ್ಕದ ಪುಸ್ತಕದಲ್ಲಿ ಒಟ್ಟಿಗೆ ಬರೆದಂತೆ ಆಗುತ್ತದೆ.

ಪ್ರಶ್ನೆ: ಲ್ಯಾಬ್ ಪ್ರೋಗ್ರಾಂಗಳು ಟರ್ಬೊ ಸಿಯಲ್ಲಿವೆ. ಲಿನಕ್ಸಿನಲ್ಲಿ ‘ಕೊನಿಯೊ.ಎಚ್’ ಇಲ್ಲ ಎನ್ನುತ್ತದೆ. ಅದನ್ನು ತೆಗೆದು ಹಾಕಿದರೆ ಫ್ಯಾಕ್ಟೋರಿಯಲ್ ಪ್ರೋಗ್ರಾಮಿನ ಉತ್ತರ ರೆಕಾರ್ಡ್ ಪುಸ್ತಕಕ್ಕೆ ಹೊಂದುವುದಿಲ್ಲ. 8ಕ್ಕೆ ರೆಕಾರ್ಡಿನಲ್ಲಿ -25216 ಎಂದಿದೆ, ನನಗೆ 40320 ಬರುತ್ತಿದೆ. ಯಾವ ಪ್ಯಾಕೇಜ್ ಹಾಕಬೇಕು?
ವಿದ್ಯಾರ್ಥಿ, ಮಳವಳ್ಳಿ

ಉತ್ತರ: ನಿಮ್ಮ ಪತ್ರ ಓದಿ ನಕ್ಕೆ, ಆಮೇಲೆ ಬೇಸರವಾಯಿತು. ನಿಮ್ಮ ಉತ್ತರವೇ ಸರಿ. 8ರ ಫ್ಯಾಕ್ಟೋರಿಯಲ್ 40320, ಮಳವಳ್ಳಿಯಲ್ಲೂ ಮಾಸ್ಕೋದಲ್ಲೂ. ಬೋರ್ಲ್ಯಾಂಡಿನ ಟರ್ಬೊ ಸಿ 1987ರಲ್ಲಿ ಡಾಸ್‌ಗೆಂದು ಬಂದದ್ದು. ಅದರಲ್ಲಿ ‘ಇಂಟ್’ ಎಂದರೆ ಎರಡೇ ಬೈಟು, 32767 ದಾಟಿದರೆ ತುಂಬಿ ಸುತ್ತಿಕೊಂಡು ಋಣಸಂಖ್ಯೆಯಾಗುತ್ತದೆ. 40320ರಿಂದ 65536 ಕಳೆಯಿರಿ, ನಿಮ್ಮ ರೆಕಾರ್ಡಿನ ಸಂಖ್ಯೆ ಸಿಗುತ್ತದೆ. ಯಾರೋ ಒಬ್ಬರು ಪರದೆ ನೋಡಿ ಬರೆದದ್ದನ್ನು ಎಷ್ಟು ಬ್ಯಾಚು ನಕಲು ಮಾಡಿತೋ!

ಲಿನಕ್ಸಿನ ಜಿಸಿಸಿಯಲ್ಲಿ ಇಂಟ್ ನಾಲ್ಕು ಬೈಟು. ಹಾಗೆಂದು ಬೀಗಬೇಡಿ. 12ರವರೆಗೆ ಸರಿ, 13 ಕೊಟ್ಟು ನೋಡಿ, 6227020800 ಬರಬೇಕಾದ ಕಡೆ 1932053504 ಬರುತ್ತದೆ. ಋಣಚಿಹ್ನೆಯೂ ಇಲ್ಲದ್ದರಿಂದ ಸುಳ್ಳೆಂದು ಗೊತ್ತೂ ಆಗುವುದಿಲ್ಲ. ‘ಲಾಂಗ್ ಲಾಂಗ್’ ಬಳಸಿ. ಕೊನಿಯೊ, ‘ಕ್ಲಿಯರ್ ಸ್ಕ್ರೀನ್’, ‘ಗೆಟ್‌ಸಿಎಚ್’ ಮೂರನ್ನೂ ಅಳಿಸಿ; ಟರ್ಮಿನಲ್ಲು ತಾನಾಗಿ ಮುಚ್ಚಿಕೊಳ್ಳುವುದಿಲ್ಲವಾದ್ದರಿಂದ ಅವು ಬೇಕಾಗಿಯೂ ಇಲ್ಲ. ‘ವಾಯ್ಡ್ ಮೇನ್’ ಅನ್ನು ‘ಇಂಟ್ ಮೇನ್’ ಮಾಡಿ. ಪರೀಕ್ಷಕರು ಒಪ್ಪದಿದ್ದರೆ ಕಾಗದದ ಮೇಲೆ 8 × 7 × 6 ಎಂದು ಗುಣಿಸಿ ತೋರಿಸಿ, ವಿನಯದಿಂದ.

ಪ್ರಶ್ನೆ: ‘ಟೆಸ್ಟ್’ ಎಂಬ ಪ್ರೋಗ್ರಾಂ ಕಂಪೈಲ್ ಆಗುತ್ತದೆ, ದೋಷವಿಲ್ಲ. ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ ಏನೂ ಬರುವುದಿಲ್ಲ.
ಹೆಬ್ಬಾಳ, ಮೈಸೂರು

ಉತ್ತರ: ನೀವು ಓಡಿಸುತ್ತಿರುವುದು ನಿಮ್ಮ ಪ್ರೋಗ್ರಾಂ ಅಲ್ಲ. ‘ಟೆಸ್ಟ್’ ಎಂಬ ಆಜ್ಞೆ ಶೆಲ್ಲಿನಲ್ಲಿ (ಟರ್ಮಿನಲ್ಲಿನಲ್ಲಿ ನಿಮ್ಮ ಆಜ್ಞೆ ಓದಿ ನಡೆಸುವ ಪ್ರೋಗ್ರಾಂ) ಮೊದಲೇ ಇದೆ, ಅದು ಮಾತಾಡದೆ ಕೆಲಸ ಮುಗಿಸುವ ಜಾತಿ. ‘ಟೈಪ್ ಟೆಸ್ಟ್’ ಎಂದು ಕೊಟ್ಟರೆ ಶೆಲ್ಲೇ ಹೇಳುತ್ತದೆ. ‘./ಟೆಸ್ಟ್’ ಎಂದು ಓಡಿಸಿ. ಕೆಲಸ ಮಾಡುತ್ತಿರುವ ಫೋಲ್ಡರನ್ನು ಲಿನಕ್ಸ್ ತಾನಾಗಿ ಹುಡುಕುವುದಿಲ್ಲ, ಚುಕ್ಕೆ ಮತ್ತು ಓರೆಗೀಟು ಹಾಕಿಯೇ ಹೇಳಬೇಕು.

ಪ್ರಶ್ನೆ: ತಾಯಿ, ನಾನು ನಿವೃತ್ತ ಸರ್ವೇಯರ್. ಮೊಮ್ಮಗನ ಲ್ಯಾಪ್‌ಟಾಪಿನಲ್ಲಿ ಸಿ ಕಲಿಯುತ್ತಿದ್ದೇನೆ. ತ್ರಿಕೋನಾಕಾರದ ಹೊಲದ ಮೂರು ಬದಿ ಕೊಟ್ಟರೆ ಗುಂಟೆ ಹೇಳುವ ಪ್ರೋಗ್ರಾಂ ಬರೆದೆ. ವರ್ಗಮೂಲದ ಒಳಗೆ 42693156 ಎಂದು ನೇರವಾಗಿ ಬರೆದಾಗ ಸರಿಯಾಗಿ ಓಡಿತು. ಬದಿಗಳನ್ನು ಕೀಲಿಮಣೆಯಿಂದ ಓದುವಂತೆ ಮಾಡಿದ ಕೂಡಲೇ ‘ಅನ್‌ಡಿಫೈನ್ಡ್ ರೆಫರೆನ್ಸ್ ಟು ಎಸ್‌ಕ್ಯೂಆರ್‌ಟಿ’ ಎಂದು ಬರುತ್ತದೆ. ‘ಮ್ಯಾತ್.ಎಚ್’ ಸೇರಿಸಿದ್ದೇನೆ. ಸಂಖ್ಯೆ ಬದಲಾದರೆ ವರ್ಗಮೂಲವೇ ಇಲ್ಲವಾಗುವುದೆಂದರೆ ಏನರ್ಥ?
ಮಂಡ್ಯ

ಉತ್ತರ: ಹಿರಿಯರೇ, ಮೊದಲ ಸಾಲನ್ನೇ ಕಳುಹಿಸಿದ್ದೀರಿ. ಈ ತಿಂಗಳು ಹಾಗೆ ಮಾಡಿದವರು ನೀವೊಬ್ಬರೇ.

ನಿಮ್ಮ ಲೆಕ್ಕವನ್ನು ನಾನೂ ಹಾಕಿದೆ. ಬದಿಗಳು 99, 132, 165 ಅಡಿ. ಅಂದರೆ 33 ಅಡಿಯ ಸರಪಳಿಯಲ್ಲಿ ಮೂರು, ನಾಲ್ಕು, ಐದು. ನಿಮ್ಮ 42693156ರ ವರ್ಗಮೂಲ 6534 ಚದರಡಿ, ಗುಂಟೆಗೆ 1089ರಂತೆ ಭಾಗಿಸಿದರೆ ಕರಾರುವಾಕ್ಕಾಗಿ ಆರು ಗುಂಟೆ. ಪರೀಕ್ಷೆಗೆ ಇಂಥ ಹೊಲವನ್ನೇ ಆರಿಸಿಕೊಂಡಿರಲ್ಲ, ಕಸುಬು ಕಾಣುತ್ತದೆ.

‘ಮ್ಯಾತ್.ಎಚ್’ ಪಹಣಿ ಇದ್ದ ಹಾಗೆ. ಇಂಥ ಹೆಸರಿನ ಹೊಲ ಇದೆ, ಇಷ್ಟು ವಿಸ್ತೀರ್ಣ ಎಂದು ಅದರಲ್ಲಿ ಬರೆದಿದೆ. ಹೊಲವೇ ಅದರೊಳಗಿಲ್ಲ. ವರ್ಗಮೂಲ ತೆಗೆಯುವ ನಿಜವಾದ ಯಂತ್ರಸೂಚನೆಗಳು ಗಣಿತದ ಲೈಬ್ರರಿಯಲ್ಲಿವೆ, ಅದನ್ನು ಲಿಂಕರಿಗೆ ತೋರಿಸಬೇಕು: ‘ಜಿಸಿಸಿ ಹೊಲ.ಸಿ -ಎಲ್‌ಎಂ’. ಮೊದಲ ಸಲ ಓಡಿದ್ದು ಹೇಗೆಂದರೆ, ನೀವು ಸಂಖ್ಯೆಯನ್ನೇ ಬರೆದಿದ್ದರಿಂದ ಜಿಸಿಸಿ ಕಂಪೈಲ್ ಮಾಡುವಾಗಲೇ ವರ್ಗಮೂಲ ತೆಗೆದು, 6534 ಎಂದು ಉತ್ತರವನ್ನೇ ಪ್ರೋಗ್ರಾಮಿನಲ್ಲಿ ಬರೆದುಬಿಟ್ಟಿತು. ಹೊಲಕ್ಕೆ ಯಾರೂ ಹೋಗಲೇ ಇಲ್ಲ. ಕೀಲಿಮಣೆಯಿಂದ ಬರುವ ಸಂಖ್ಯೆ ಅದಕ್ಕೆ ಮೊದಲೇ ಗೊತ್ತಿಲ್ಲವಲ್ಲ, ಆಗ ಲೈಬ್ರರಿ ಬೇಕೇ ಬೇಕು.

‘-ಎಲ್‌ಎಂ’ ಕೊನೆಯಲ್ಲೇ ಇರಲಿ. ಲಿಂಕರ್ ಎಡದಿಂದ ಬಲಕ್ಕೆ ಹೋಗುತ್ತದೆ. ಲೈಬ್ರರಿ ಮೊದಲು ಬಂದರೆ, ಆ ಹೊತ್ತಿಗೆ ಯಾರೂ ವರ್ಗಮೂಲ ಕೇಳಿಲ್ಲವಾದ್ದರಿಂದ ಉಬುಂಟುವಿನಲ್ಲಿ ಅದನ್ನು ಬೇಡವೆಂದು ಬಿಟ್ಟು ಮುಂದೆ ನಡೆಯುತ್ತದೆ. ಇದೇ ಪ್ರೋಗ್ರಾಮನ್ನು ಮೊಮ್ಮಗ ಸಿ++ ಕಂಪೈಲರಿನಲ್ಲಿ ಹಾಕಿ ‘ಅಜ್ಜ, ನನಗೆ ಬಂತಲ್ಲ’ ಎಂದರೆ ಸೋಲಬೇಡಿ. ಅಲ್ಲಿ ಗಣಿತದ ಲೈಬ್ರರಿ ತಾನಾಗಿ ಸೇರಿರುತ್ತದೆ.

ಪ್ರಶ್ನೆ: ಸರಳ ಪ್ರೋಗ್ರಾಂ, ಗ್ರೂಪಿನಲ್ಲಿ ಬಂದದ್ದನ್ನು ನಕಲಿಸಿದೆ. ‘ಸ್ಟ್ರೇ \342 ಇನ್ ಪ್ರೋಗ್ರಾಂ’ ಎಂದು ಹತ್ತಾರು ಸಾಲು ಬರುತ್ತದೆ. 342 ಎಲ್ಲಿಯೂ ಬರೆದಿಲ್ಲ.
ನಂಜನಗೂಡು

ಉತ್ತರ: ಉದ್ಧರಣ ಚಿಹ್ನೆ. ಕೀಲಿಮಣೆಯಲ್ಲಿ ಒತ್ತುವುದು ನೆಟ್ಟಗಿನದು. ಮೊಬೈಲು, ಪಿಡಿಎಫ್‌ಗಳು ಅದನ್ನು ಅಂದವಾಗಿ ಬಾಗಿಸಿಬಿಡುತ್ತವೆ. ಬಾಗಿದ ಚಿಹ್ನೆ ಮೂರು ಬೈಟು. ಅಷ್ಟಮಾನ ಪದ್ಧತಿಯಲ್ಲಿ ತೆರೆಯುವ ಚಿಹ್ನೆ 342, 200, 234. ಕಂಪೈಲರಿಗೆ ಅದು ಗುರುತಿಲ್ಲದ ಮುಖ. ಅಳಿಸಿ, ನೀವೇ ಟೈಪ್ ಮಾಡಿ. ಒಂದು ವೇಳೆ 342ರ ಬದಲು 340 ಕಂಡರೆ ಪ್ರೋಗ್ರಾಮಿನೊಳಗೆ ಕನ್ನಡ ಅಕ್ಷರವೊಂದು ತಪ್ಪಿ ನುಗ್ಗಿರಬಹುದು, ಕೀಲಿಮಣೆ ಬದಲಿಸಲು ಮರೆತಿರುತ್ತೀರಿ.

ಪ್ರಶ್ನೆ: ಊರುಗಳ ಹೆಸರನ್ನು ಕನ್ನಡದಲ್ಲೇ ಅಚ್ಚು ಮಾಡಿಸಿದೆ, ಚೆನ್ನಾಗಿ ಬಂತು. ಆದರೆ ‘ಸ್ಟ್ರಿಂಗ್ ಲೆಂತ್’ ಮೈಸೂರಿಗೆ 18 ಎನ್ನುತ್ತದೆ. ಮೂರೇ ಅಕ್ಷರವಲ್ಲವೇ? ಪಟ್ಟಿಯ ಕಂಬಸಾಲುಗಳೂ ಸೊಟ್ಟಗಾಗುತ್ತವೆ.
ಶ್ರೀರಂಗಪಟ್ಟಣ

ಉತ್ತರ: ನಮ್ಮ ಕಣ್ಣಿಗೆ ಮೈ, ಸೂ, ರು ಮೂರು. ಯೂನಿಕೋಡಿಗೆ ಆರು: ಮ, ಐತ್ವ, ಸ, ಊಕಾರದ ಕೊಂಬು ದೀರ್ಘ, ರ, ಉಕಾರದ ಕೊಂಬು. ಅದನ್ನು ಕಡತದಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದೂ ಮೂರು ಬೈಟು. ಸಿ ಭಾಷೆಯ ಆ ಫಂಕ್ಷನ್ ಎಣಿಸುವುದು ಬೈಟುಗಳನ್ನು, ಆದ್ದರಿಂದ 18. ಅಗಲ ಸೂಚಿಸಿ ಅಚ್ಚು ಮಾಡುವಾಗಲೂ ಅದೇ ಎಣಿಕೆ, ಹಾಗಾಗಿ ಕಂಬಸಾಲು ಸೊಟ್ಟ. ಅಚ್ಚುಕಟ್ಟಾಗಿ ಬೇಕೆಂದರೆ ಹೆಸರುಗಳ ನಡುವೆ ಅಲ್ಪವಿರಾಮ ಹಾಕಿ ಕಡತಕ್ಕೆ ಬರೆದು ಲಿಬ್ರೆ ಆಫೀಸಿನಲ್ಲಿ ತೆರೆಯಿರಿ, ಸಿಯಲ್ಲಿ ಗುದ್ದಾಡಬೇಡಿ.

2020ರಲ್ಲಿ ಬಂದ ಜಿಸಿಸಿ 10ರಿಂದ ಈಚೆಗೆ ಚರಾಕ್ಷರಗಳಿಗೆ ‘ಮೊತ್ತ’ ಎಂದು ಕನ್ನಡದಲ್ಲೇ ಹೆಸರಿಡಬಹುದು. ನಾನು ಇಟ್ಟು ನೋಡಿದೆ, ಓಡಿತು. ಮಂಡ್ಯ ಎಂಬ ಹೆಸರಿಗೆ 15 ಬೈಟು ಬರುತ್ತದೆ, ಮೈಸೂರಿಗಿಂತ ಮೂರು ಕಡಿಮೆ. ಮಂಡ್ಯದ ಓದುಗರು ಇದಕ್ಕಾಗಿ ನನಗೆ ಪತ್ರ ಬರೆಯಬೇಡಿ.